ಚೀಲ ಎತ್ತಿ ನೋಡುತ್ತಿದ್ದ ಡ್ರಿಲ್ ಟೀಚರು

ಡ್ರಿಲ್ ಟೀಚರು ತೀರಿಕೊಂಡರಂತೆ ಎಂದು ಟಿ.ಬಿ. ಡ್ಯಾಂ ಕಡೆಯ ಗಿರಾಕಿಯೊಬ್ಬರು ಹೇಳಿದಾಗ ನನ್ನ ಬಾಯಿಂದ ಮೊದಲು ಬಂದ ಮಾತು, "ಖರೇ ಏನ್ರಿ? ಯಾರು ಹೇಳಿದ್ರು ನಿಮಗ?" ಸಾವಿನ ಸುದ್ದಿಗೂ ಸಾಕ್ಷಿ ಕೇಳುವ ಮನುಷ್ಯ ನಾನು. ಏನು ಮಾಡಲಿ, ಇಷ್ಟು ವರ್ಷ ಗಲ್ಲಾದ ಮುಂದೆ ಕೂತು ಕೂತು ಬಂದ ಬುದ್ಧಿ. ನಗುತ್ತಾ ಬಂದ ಗಿರಾಕಿ ಉದ್ರಿ ಕೇಳುತ್ತಾನೆ, ಸಿಟ್ಟಿನಿಂದ ಬಂದವನು ಹರಿದ ಬ್ಯಾಗು ವಾಪಸು ತಂದಿರುತ್ತಾನೆ, ಸುಮ್ಮನೆ ನಿಂತವನ ಕೈ ಎಲ್ಲಿದೆ ಎಂದು ನೋಡುತ್ತಿರಬೇಕು. ಆದರೆ ಟೀಚರು ಇದ್ದಿದ್ದರೆ ಇದಕ್ಕಾಗಿ ನನ್ನನ್ನು ಬೈಯುತ್ತಿರಲಿಲ್ಲ. ಅನುಮಾನದ ವಿಷಯದಲ್ಲಿ ಅವರು ನನಗಿಂತ ಒಂದು ಕೈ ಮೇಲೆಯೇ ಇದ್ದರು.

ಹೊಸಪೇಟೆ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದು ಸ್ಕೂಲ್ ಬ್ಯಾಗಿನ ಅಂಗಡಿ. ವರ್ಷದ ಅನ್ನ ನಮಗೆ ಹುಟ್ಟುವುದು ಜೂನ್ ತಿಂಗಳಲ್ಲಿ. ಅಂಥ ಒಂದು ಜೂನಿನಲ್ಲಿ, ಕಾಲಿಡಲು ಜಾಗವಿಲ್ಲದ ಹೊತ್ತಿನಲ್ಲಿ, ಅವರು ಮೊದಲ ಸಲ ಒಳಗೆ ಬಂದರು. ಜೊತೆಯಲ್ಲಿ ಮಗು ಇಲ್ಲ. ಐವತ್ತರ ಹತ್ತಿರದ ವಯಸ್ಸು, ಇಸ್ತ್ರಿ ಮಾಡಿದ ಕಾಟನ್ ಸೀರೆ, ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು, ಕೊರಳಲ್ಲಿ ತಾಳಿಯ ಜೊತೆಗೇ ಒಂದು ಸೀಟಿ. ಕೊಕ್ಕೆಯಿಂದ ಒಂದು ಬ್ಯಾಗು ಇಳಿಸಿದರು. ಹೆಗಲಿಗೆ ಹಾಕುವ ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿದರು. ಒಳಗೆ ಕೈಹಾಕಿ ತಡಕಿದರು. ಮೂಸಿದರು. ಆಮೇಲೆ, ನನ್ನ ಅಂಗಡಿಯ ಅಷ್ಟೂ ಗಿರಾಕಿಗಳ ಎದುರಿಗೆ, ಕಾರ್ಟೂನ್ ಕರಡಿಯ ಚಿತ್ರವಿದ್ದ ಆ ಗುಲಾಬಿ ಬ್ಯಾಗನ್ನು ತಾವೇ ಬೆನ್ನಿಗೆ ಹಾಕಿಕೊಂಡು ರಸ್ತೆಯವರೆಗೆ ನಡೆದುಹೋಗಿ ತಿರುಗಿ ಬಂದರು!

"ಸಾವ್ಕಾರ್ರ, ಈ ಪಟ್ಟಿಯೊಳಗ ಸ್ಪಂಜ್ ಐತೋ, ಬರೀ ಚಿಂದಿ ತುಂಬಿ ಉಬ್ಬಿಸ್ಯಾರೋ?"

"ಮಸ್ತ್ ಐಟಂ ರೀ ಮೇಡಂ. ಕಂಪನಿ ಮಾಲು."

"ಯಾವ ಕಂಪನಿ?"

ನಾನು ಒಂದು ಹೆಸರು ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು, ಬ್ಯಾಗನ್ನು ಕೊಕ್ಕೆಗೆ ಸಿಕ್ಕಿಸಿದರು, ಏನೂ ಕೊಳ್ಳದೆ ಹೋದರು. ಇವರು ತೆರಿಗೆ ಇಲಾಖೆಯವರಿರಬಹುದೇ ಎಂದು ಮೊದಲು ಅನಿಸಿತು. ತೆರಿಗೆಯವರು ಕ್ಯಾನ್ವಾಸ್ ಬೂಟು ಹಾಕುವುದಿಲ್ಲ. ಹಾಗಾದರೆ ಎದುರು ಸಾಲಿನ ಅಂಗಡಿಯವನು ಕಳಿಸಿದ ಹೆಂಗಸೇ ಇರಬೇಕು ಎಂದು ಗಟ್ಟಿ ಮಾಡಿಕೊಂಡೆ. ಮರುದಿನ ಮತ್ತೆ ಬಂದಾಗಲಂತೂ ಅನುಮಾನವೇ ಉಳಿಯಲಿಲ್ಲ.

ಈ ಸಲ ಅವರು ಗಿರಾಕಿಗಳ ನಡುವೆಯೇ ಬಾಯಿ ಹಾಕಿದರು. ಅದಕ್ಕೆ ಮೊದಲು ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. "ಬೆಳೆಯೋ ಹುಡುಗರು" ಎಂಬ ಮಾತಿನ ಮೇಲೆ ಇಲ್ಲಿನ ಅರ್ಧ ಬಜಾರು ನಿಂತಿದೆ. ಯೂನಿಫಾರ್ಮಿನ ಅಂಚನ್ನು ಒಳಗೆ ಮಡಚಿ ಹೊಲಿಸಿ ವರ್ಷಕ್ಕೊಂದು ಮಡಿಕೆ ಬಿಚ್ಚುತ್ತಾರೆ. ಬೂಟು ದೊಡ್ಡದು ತಂದು ತುದಿಗೆ ಹತ್ತಿ ತುರುಕುತ್ತಾರೆ. ಬ್ಯಾಗೂ ಅದೇ ಲೆಕ್ಕ. ಎರಡನೇ ಕ್ಲಾಸಿನ ಮಗುವಿಗೆ ಹೈಸ್ಕೂಲಿನವರೆಗೆ ಬಾಳುವ ಬ್ಯಾಗು ಕೊಡಿಸಿದ ಅಪ್ಪ ಗೆದ್ದೆನೆಂದು ಮೀಸೆ ತಿರುವಿಕೊಂಡು ಹೋಗುತ್ತಾನೆ. ದೊಡ್ಡ ಬ್ಯಾಗು ಹೋಯಿತಲ್ಲ ಎಂದು ನಾನೂ ಖುಷಿಪಡುತ್ತೇನೆ. ಇಬ್ಬರ ಗೆಲುವನ್ನೂ ಹೊರುವುದು ಮಗು.

ಪಾಪಿನಾಯಕನಹಳ್ಳಿಯಿಂದ ಬಂದ ಗಂಡ ಹೆಂಡತಿ ತಮ್ಮ ಸಣ್ಣ ಹುಡುಗಿಗೆ ಅಂಥದ್ದೇ ಒಂದನ್ನು ಆರಿಸಿ ಬೆನ್ನಿಗೆ ಹಾಕಿ ನೋಡುತ್ತಿದ್ದರು. ಟೀಚರು ಹಿಂದಿನಿಂದ ಬಂದು, "ಈ ಚೀಲ ಯಾರಿಗ್ರಿ?" ಎಂದರು.

"ನಮ್ಮ ಹುಡುಗಿಗ್ರಿ."

"ಹುಡುಗಿ ಎಲ್ಲಿ ಅದಾಳ? ನನಗ ಬರೀ ಚೀಲ ಕಾಣ್ತೈತಿ. ಚೀಲಕ್ಕ ಎರಡು ಕಾಲು ಅದಾವ."

ಹುಡುಗಿಯ ಅವ್ವ ಕಿಸಕ್ಕನೆ ನಕ್ಕಳು. ಅಪ್ಪ ಮಾತ್ರ, "ಬೆಳೀತಾಳಲ್ರಿ ಮೇಡಂ, ನಾಕು ವರ್ಷ ಬರ್ಬೇಕು," ಎಂದ.

"ಬೆಳೀತಾಳ, ಬ್ಯಾಡ ಅಂದೋರು ಯಾರು? ಇಲ್ಲಿ ನೋಡ್ರಿ. ಚೀಲದ ತಳ ಸೊಂಟದ ಕೆಳಗ ಇಳಿದೈತಿ. ಹಿಂಗ ಇಳಿದ್ರ ಅದು ಮಗೀನ ಹಿಂದಕ್ಕ ಜಗ್ತೈತಿ. ಬೀಳಬಾರ್ದು ಅಂತ ಮಗು ಕುತ್ತಿಗಿ ಮುಂದಕ್ಕ ಚಾಚ್ತೈತಿ. ದಿನಾ ಹಂಗ ನಡದ್ರ ಬೆನ್ನು ಕುತ್ತಿಗಿ ಎರಡೂ ನೋಯ್ತಾವ. ಬೂಟು ದೊಡ್ಡದಾದ್ರ ಹತ್ತಿ ತುರುಕ್ತೀರಿ. ಬೆನ್ನಿಗೆ ಏನು ತುರುಕ್ತೀರಿ?"

ಅವರು ಸಣ್ಣ ಬ್ಯಾಗು ತೆಗೆದುಕೊಂಡು ಹೋದರು. ನನಗೆ ಮೈಯೆಲ್ಲ ಉರಿಯಿತು. ಆದರೂ ಗಿರಾಕಿಗಳ ಮುಂದೆ ಹೆಂಗಸಿನ ಜೊತೆ ಜಗಳಕ್ಕೆ ನಿಲ್ಲುವುದು ಚೆನ್ನಾಗಿರುವುದಿಲ್ಲವೆಂದು, ಅವರು ಒಬ್ಬರೇ ಸಿಕ್ಕಾಗ ಬೇರೆ ದಾರಿ ಹಿಡಿದೆ. "ಮೇಡಂ, ಆ ಎದುರು ಅಂಗಡಿಯವನು ಏನು ಕೊಡ್ತಾನ ಹೇಳ್ರಿ, ನಾನೂ ಕೊಡ್ತೀನಿ. ನಿಮ್ಮ ಕಡೆ ಮಂದೀನ ನನ್ನ ಅಂಗಡಿಗೆ ಕಳಸ್ರಿ," ಎಂದೆ. ಅವರು, "ಆತು, ಕೊಡ್ರಿ," ಎಂದರು. ಸಿಕ್ಕಿಬಿದ್ದರು ಎಂದು ಒಳಗೊಳಗೇ ಕುಣಿದೆ. ಅಷ್ಟರಲ್ಲಿ ಅವರು ಬೆರಳು ಮಾಡಿ, "ಆ ದೊಡ್ಡ ಚೀಲದ ಸಾಲು ಒಳಗ ಹಾಕ್ರಿ, ಸಣ್ಣವು ಮುಂದ ತೂಗುಬಿಡ್ರಿ. ಮಗು ಬರಲಾರ್ದ ಚೀಲ ಕೊಡಬ್ಯಾಡ್ರಿ. ಇಷ್ಟ ನನ್ನ ಕಮಿಷನ್ನು," ಎಂದುಬಿಟ್ಟರು. ಇದರಲ್ಲೂ ಏನೋ ಮಸಲತ್ತು ಇರಬೇಕೆಂದು ನಾನು ಆ ಸಾಲನ್ನು ಮುಟ್ಟಲಿಲ್ಲ.

ಅವರು ನನ್ನ ಮಗಳ ಸ್ಕೂಲಿನ ಡ್ರಿಲ್ ಟೀಚರು ಎಂದು ಗೊತ್ತಾದದ್ದು ಆಮೇಲೆ. ಡ್ಯಾಮಿನ ರಸ್ತೆಯಲ್ಲಿರುವ ಒಂದು ಇಂಗ್ಲಿಷ್ ಮೀಡಿಯಂ ಸ್ಕೂಲು. ಹೆಸರು ಯಾಕೆ ಬಿಡಿ. ಬೆಳಿಗ್ಗೆ ಬಿಟ್ಟುಬರಲು ಹೋದರೆ ಗೇಟಿನಲ್ಲಿ ಇವರೇ. ಒಂದೊಂದು ಮಗುವನ್ನೂ ನಿಲ್ಲಿಸಿ ಹಿಂದಿನಿಂದ ಚೀಲ ಎತ್ತಿ ನೋಡುತ್ತಿದ್ದರು, ಸಂತೆಯಲ್ಲಿ ಕುಂಬಳಕಾಯಿ ಎತ್ತಿ ನೋಡಿದ ಹಾಗೆ. ಭಾರ ಎನಿಸಿದರೆ ಪಕ್ಕದ ಕಟ್ಟೆಗೆ ಕರೆದುಕೊಂಡು ಹೋಗಿ ಬಿಚ್ಚಿಸುವುದು. ಮಗುವಿನ ತೂಕದ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚಿಗೆ ಹೊರಿಸಬಾರದು ಎಂಬುದು ಅವರ ಹಟ. ದಪ್ಪ ಪುಸ್ತಕವನ್ನು ಬೆನ್ನಿಗೆ ತಾಗುವ ಹಾಗೆ ಇಡಿಸುವುದು, ಎರಡೂ ಪಟ್ಟಿ ಹಾಕಿಸುವುದು, ಸಡಿಲವಿದ್ದರೆ ಜಗ್ಗಿ ಬಿಗಿ ಮಾಡುವುದು. ಒಂದೇ ಹೆಗಲಿಗೆ ತೂಗುಬಿಟ್ಟುಕೊಂಡು ಗತ್ತಿನಲ್ಲಿ ಬರುವ ದೊಡ್ಡ ಕ್ಲಾಸಿನ ಹುಡುಗರಿಗೆ ದೂರದಿಂದಲೇ ಸೀಟಿ ಊದುತ್ತಿದ್ದರು.

ಕಟ್ಟೆಯ ಮೇಲೆ ಏನೇನು ಹೊರಬರುತ್ತಿತ್ತು ಅಂತೀರಿ! ಸ್ಕೂಲಿನ ಪುಸ್ತಕ, ಅದರ ಜೊತೆ ಟ್ಯೂಷನ್ನಿನ ಪುಸ್ತಕ. ಸ್ಕೂಲಿನ ನೀರನ್ನು ನಂಬದ ಅವ್ವಂದಿರು ಇಟ್ಟ ಎರಡೆರಡು ಬಾಟಲಿ. ಇವತ್ತು ಟೈಂಟೇಬಲ್ಲಿನಲ್ಲಿ ಇಲ್ಲದ ವಿಷಯದ ನೋಟುಬುಕ್ಕು, ಯಾಕೆಂದರೆ ಸರ್ ಬರದಿದ್ದರೆ ಬೇರೆ ಪೀರಿಯಡ್ಡು ತೆಗೆದುಕೊಂಡಾರು, ಬುಕ್ಕಿಲ್ಲದಿದ್ದರೆ ಹೊರಗೆ ನಿಲ್ಲಿಸಿಯಾರು. ಸಂಡೂರಿನ ಕಡೆಯಿಂದ ವ್ಯಾನಿನಲ್ಲಿ ಬರುವ ಹುಡುಗಿಯೊಬ್ಬಳ ಚೀಲದಲ್ಲಿ ಅದಿರಿನ ಕಲ್ಲು ಸಿಕ್ಕಿತು. ಯಾವಾಗಲೋ ಸೈನ್ಸ್ ಟೀಚರು ತರಲು ಹೇಳಿದ್ದರಂತೆ. ಮತ್ತೆ ಕೇಳಿದರೆ ಎಂಬ ಭಯಕ್ಕೆ ದಿನವೂ ಹೊತ್ತುಕೊಂಡೇ ಬರುತ್ತಿದ್ದಳಂತೆ. ಟೀಚರು ಆ ಕಲ್ಲನ್ನು ಹಿಡಿದುಕೊಂಡು ಸೀದಾ ಸ್ಟಾಫ್ ರೂಮಿಗೆ ನಡೆದರಂತೆ.

"ಈ ಚೀಲದಾಗ ಪುಸ್ತಕ ಅರ್ಧ, ಹೆದರಿಕಿ ಅರ್ಧ," ಎಂದು ಗೇಟಿನಲ್ಲಿ ನಿಂತ ತಾಯಿತಂದೆಯರಿಗೆ ಕೇಳುವ ಹಾಗೆ ಅನ್ನುತ್ತಿದ್ದರು.

ಯಾರಿಗೆ ಹಿಡಿಸುತ್ತದೆ ಇದು? ಡಬ್ಬಿಯಲ್ಲಿ ಏನಿದೆ ಎಂದು ಇಣುಕಲು ಈ ನೆಪ ಎಂದು ಅವ್ವಂದಿರು. ನಮ್ಮ ಮೇಲೆ ಮ್ಯಾನೇಜ್‌ಮೆಂಟಿಗೆ ಚಾಡಿ ಹೇಳುತ್ತಾಳೆ ಎಂದು ಉಳಿದ ಟೀಚರುಗಳು. ತಾಯಿತಂದೆಯರನ್ನು ನಮ್ಮ ಮೇಲೆ ಎತ್ತಿಕಟ್ಟುತ್ತಾಳೆ ಎಂದು ಮ್ಯಾನೇಜ್‌ಮೆಂಟು. ನನ್ನ ಅನುಮಾನವಂತೂ ಹೇಳಿಯೇ ಬಿಟ್ಟಿದ್ದೇನೆ. ಅವರೇನು ಕಡಿಮೆಯೇ? ಬ್ಯಾಗು ಹೊಲಿಯುವವರನ್ನು, ಮಾರುವವರನ್ನು, ಟ್ಯೂಷನ್ ಹೇಳುವವರನ್ನು, ವ್ಯಾನಿನ ಡ್ರೈವರನ್ನು, ಯಾರನ್ನೂ ನಂಬುತ್ತಿರಲಿಲ್ಲ. ಹಂಪಿಗೆ ಮಕ್ಕಳನ್ನು ಕರೆದುಕೊಂಡು ಹೋದಾಗ ಬರೀ ನೀರಿನ ಬಾಟಲಿ ಒಯ್ಯಿರಿ, ಚೀಲ ಬಸ್ಸಿನಲ್ಲೇ ಇರಲಿ ಎಂದರಂತೆ. ಕಳುವಾದರೆ ಎಂದು ಮಕ್ಕಳು ಅಳುಮೋರೆ ಮಾಡಿದವು. ಡ್ರೈವರು, "ನಾ ಅದೀನಲ್ರಿ ಮೇಡಂ, ನೀವು ಹೋಗಿ ಬರ್ರಿ," ಎಂದರೆ ಅವನನ್ನೂ ನಂಬದೆ, ಮಧ್ಯಾಹ್ನದವರೆಗೆ ಆ ಕಾದ ಬಸ್ಸಿನಲ್ಲಿ ಚೀಲಗಳ ನಡುವೆ ತಾವೇ ಕೂತರು. ಪ್ರತಿ ವರ್ಷವೂ ಹೀಗೆಯೇ. ಹಂಪಿಗೆ ಅಷ್ಟು ಸಲ ಹೋಗಿಯೂ ಗುಡಿಯೊಳಗೆ ಕಾಲಿಡದ ಹೆಂಗಸು ಹೊಸಪೇಟೆಯಲ್ಲಿ ಇನ್ನೊಬ್ಬರು ಇದ್ದಿರಲಾರರು.

ಇಂಥವರಲ್ಲಿ ಒಂದು ದಡ್ಡತನವೂ ಇತ್ತು. ನನಗೆ ಆಗ ಅದು ದಡ್ಡತನವೆಂದೇ ಕಂಡಿತ್ತು. ಮಗು ಬಂದು "ನೋವು" ಎಂದರೆ ಸಾಕು, ನಂಬಿಬಿಡುತ್ತಿದ್ದರು. ಎಲ್ಲಿ, ಎಷ್ಟು, ಯಾವಾಗಿನಿಂದ ಎಂದು ಕೇಳುತ್ತಿದ್ದರೇ ಹೊರತು "ಖರೇನಾ?" ಎಂದು ಕೇಳುತ್ತಿರಲಿಲ್ಲ. ಮಕ್ಕಳು ಬಿಡುತ್ತವೆಯೇ! ಬಿಸಿಲು ಚುರುಗುಟ್ಟುವ ದಿನ ಡ್ರಿಲ್ಲಿನ ಪೀರಿಯಡ್ಡಿಗೆ ಬೇವಿನ ಮರದ ಕೆಳಗೆ "ನೋವಿನ ಮಕ್ಕಳು" ಸಾಲಾಗಿ ಕೂತು ಹುಣಸೆಹಣ್ಣು ಚೀಪುತ್ತಿದ್ದವು. ಆ ಸಾಲಿನಲ್ಲಿ ನನ್ನ ಮಗಳೂ ಇದ್ದಾಳೆಂದು ಯಾರೋ ಹೇಳಿದರು.

ಮಗಳ ಹೆಸರು ಸಹನಾ. ಆಗ ಆರನೇ ಕ್ಲಾಸು. ಅಂಗಡಿಯವನ ಮಗಳಲ್ಲವೇ, ಅಂಗಡಿಯಲ್ಲೇ ದೊಡ್ಡದಾದ, ಮೂರು ಖಾನೆಯ ಬ್ಯಾಗು ಅವಳದು. ಸಂಜೆ ಮನೆಗೆ ಬಂದವನು ಕೂಡಿಸಿಕೊಂಡು ಕೇಳಿದೆ. ಕುತ್ತಿಗೆ ನೋವು ಎಂದಳು.

"ನೋವಿದ್ರ ಟಿವಿ ಮುಂದ ಹೆಂಗ ಕುಂದ್ರತೀ? ಡ್ರಿಲ್ ತಪ್ಪಿಸ್ಕೊಳ್ಳಾಕ ನೆಪ ಇದು. ನನ್ನ ಮುಂದ ಆಟ ಆಡಬ್ಯಾಡ," ಎಂದು ಗದರಿದೆ. ನನ್ನ ಅವ್ವ ಮಾತ್ರ ಕಣ್ಣು ತಾಕಿದೆ ಎಂದು ಉಪ್ಪು ನಿವಾಳಿಸಿದಳು. ಅಲ್ಲಿಗೆ ಆ ಮಾತು ಮುಗಿಯಿತು. ಆಮೇಲೆ ಸಹನಾ ಮನೆಯಲ್ಲಿ ನೋವಿನ ಸುದ್ದಿಯನ್ನೇ ಎತ್ತಲಿಲ್ಲ. ನೋಡಿದೆಯಾ, ಒಂದು ಗದರಿಕೆಗೆ ನೋವು ಓಡಿಹೋಯಿತು ಎಂದು ಹೆಂಡತಿಯ ಮುಂದೆ ಜಂಬ ಕೊಚ್ಚಿಕೊಂಡೆ.

ದಸರಾ ರಜೆ ಮುಗಿದು ಕೆಲವು ವಾರ ಕಳೆದಿರಬೇಕು. ಒಂದು ಮಧ್ಯಾಹ್ನ ಟೀಚರು ಸಹನಾಳ ಕೈ ಹಿಡಿದುಕೊಂಡು ಅಂಗಡಿಗೇ ಬಂದರು. ಇನ್ನೊಂದು ಕೈಯಲ್ಲಿ ಅವಳ ಚೀಲ. ಚೀಲವನ್ನು ಕೌಂಟರಿನ ಮೇಲೆ ಇಟ್ಟ ರೀತಿಗೇ ನನಗೆ ಗೊತ್ತಾಯಿತು, ಇವತ್ತು ಜಗಳ ಎಂದು.

"ಸಾವ್ಕಾರ್ರ, ಎರಡು ಬೆರಳು ಕೊಡ್ರಿ."

"ಏನ್ರಿ ಮೇಡಂ?"

"ಬೆರಳು ಕೊಡ್ರಿ ಅಂದ್ರ ಕೊಡ್ರಿ. ಸಹನಾ, ಅಪ್ಪಾಜಿ ಬೆರಳು ಎಡಗೈಲೆ ಗಟ್ಟಿಯಾಗಿ ಹಿಚುಕು."

ಹಿಚುಕಿದಳು. ಪರವಾಗಿಲ್ಲ, ನನ್ನ ಮಗಳು ಗಟ್ಟಿ ಎನಿಸಿತು.

"ಈಗ ಬಲಗೈಲೆ."

ಬಲಗೈಯಲ್ಲಿ ಹಿಡಿತವೇ ಇರಲಿಲ್ಲ. ಎಳೆಗೂಸು ಹಿಡಿದ ಹಾಗೆ. ಅವಳ ಮುಖ ನೋಡಿದೆ. ಹಲ್ಲು ಕಚ್ಚಿ ಹಿಚುಕುತ್ತಿದ್ದಳು.

"ಕೈ ಜೋಮು ಹಿಡೀತೈತಿ ಅಂತಾಳ. ಪೆನ್ನು ಜಾರ್ತೈತಿ. ಆಕಿ ಇದನ್ನ ಬಲಗಡೆ ಹೆಗಲಿಗೆ ಒಂದಕ್ಕೇ ತೂಗು ಹಾಕ್ತಾಳ. ನಾ ಗೇಟಿನಾಗ ಎರಡೂ ಪಟ್ಟಿ ಹಾಕಸ್ತೀನಿ, ಸಂಜೆ ಮನಿ ಕಡೆ ತಿರುವು ದಾಟಿದ ಕೂಡ್ಲೇ ಆಕಿ ಒಂದು ತಗೀತಾಳ. ಗೆಳತೇರೆಲ್ಲ ಹಂಗ ಹಾಕ್ತಾರಂತ. ಇದು ಇಷ್ಟು ಭಾರ, ಇಷ್ಟು ಉದ್ದ. ಪಟ್ಟಿ ಇಲ್ಲಿ ಒತ್ತಿ ಒತ್ತಿ ನರಕ್ಕ ಪೆಟ್ಟು ಆಗಿರಬಹುದು ಅಂತ ನನ್ನ ಅನುಮಾನ. ನಾ ಡಾಕ್ಟರ್ ಅಲ್ಲ. ಜಲ್ದಿ ಬಳ್ಳಾರಿಗೆ ಕರ್ಕೊಂಡು ಹೋಗ್ರಿ."

ನನಗೆ ಏನನಿಸಿತು ಗೊತ್ತೇ? ಹೇಳಿಕೊಟ್ಟು ಕರೆದುಕೊಂಡು ಬಂದಿದ್ದಾರೆ ಎಂದು! ಬಲಗೈಯಿಂದ ಮೆಲ್ಲಗೆ ಹಿಚುಕು ಎಂದು ದಾರಿಯಲ್ಲೇ ಪಾಠ ಮಾಡಿಸಿದ್ದಾರೆ, ಬ್ಯಾಗಿನ ಅಂಗಡಿಯವನ ಮಗಳಿಗೇ ಬ್ಯಾಗಿನಿಂದ ಕೈ ಹೋಯಿತು ಎಂದು ಊರೆಲ್ಲ ಸಾರಿ ನನ್ನ ಸಾಲು ಒಳಗೆ ಹಾಕಿಸುವ ಆಟ ಇದು ಎಂದು. "ನೋಡೋಣ ಬಿಡ್ರಿ ಮೇಡಂ, ಮಕ್ಕಳು ಹಿಂಗ ನಾಟಕ ಮಾಡ್ತಿರ್ತಾವ," ಎಂದೆ.

ಅವರು ಕೂಗಾಡಲಿಲ್ಲ. "ನಾಟಕ ಆಗಿದ್ರ ಭಾಳ ಚಲೋ ಸಾವ್ಕಾರ್ರ. ನಾನೂ ಅದನ್ನ ಬೇಡ್ಕೊಳ್ತೀನಿ. ಆದ್ರ ಡಾಕ್ಟರ್ ಅದನ್ನ ಹೇಳ್ಲಿ," ಎಂದು ಹೇಳಿ, ಚೀಲವನ್ನು ಮಾತ್ರ ಬಿಟ್ಟು, ಮಗುವನ್ನು ಬರಿಗೈಯಲ್ಲಿ ಮನೆಯವರೆಗೆ ತಾವೇ ನಡೆಸಿಕೊಂಡು ಹೋದರು.

ಆ ರಾತ್ರಿಯ ಊಟಕ್ಕೆ ರೊಟ್ಟಿ. ಸಹನಾ ಎಂದಿನಂತೆ ಅನ್ನ ಬೇಕು ಎಂದಳು. "ಇದೊಂದು ಹೊಸಾ ಶೋಕಿ ಶುರು ಆಗೈತಿ ನೋಡು ಇವಳಿಗೆ," ಎಂದು ಅವ್ವ ಗೊಣಗಿದಳು. "ದಸರಾದಿಂದ ರೊಟ್ಟಿ ಮುಟ್ಟವಲ್ಲಳು. ಬೇಕಾದ್ರ ಹಾಲಾಗ ಮುರಿದು ಹಾಕು ಅಂತಾಳ ನನಗ, ಕೂಸಾಗ್ಯಾಳ."

ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ವಾಪಸು ಇಟ್ಟೆ. ಒಣಗಿ ಗರಿಗರಿಯಾದ ಜೋಳದ ಕಟಿ ರೊಟ್ಟಿ ಮುರಿಯಲು ಎಷ್ಟು ಬಲ ಬೇಕು? ಅದೂ ಇಲ್ಲದ ಮಗು, ಯಾರಿಗೂ ಹೇಳದೆ, ವಾರಗಟ್ಟಲೆ ಅನ್ನ ಕೇಳಿಕೊಂಡು ಉಂಡಿದೆ. ಯಾರೂ ನೋಡದ ಕಡೆ ಯಾರು ನಾಟಕ ಮಾಡುತ್ತಾರೆ? ಒಂದು ರೊಟ್ಟಿಯನ್ನು ಅವಳ ತಟ್ಟೆಗೆ ಹಾಕಿ, "ಮುರಿಯವ್ವ ನೋಡೋಣ," ಎಂದೆ. ಅವಳು ಬಲಗೈಯನ್ನು ತೊಡೆಯ ಕೆಳಗೆ ಅಡಗಿಸಿಕೊಂಡಳು. ನನ್ನ ಹೆಂಡತಿ ಎದ್ದು ಅಡುಗೆಮನೆಗೆ ಹೋದಳು. ಅಲ್ಲಿ ಅವಳು ಅಳುವುದು ಕೇಳಿಸುತ್ತಿತ್ತು.

ಬಳ್ಳಾರಿಯ ಡಾಕ್ಟರು ಕುತ್ತಿಗೆ ತಿರುಗಿಸಿದರು, ಭುಜ ಒತ್ತಿದರು, ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ಕೇಳಿದರು. ಭುಜದ ಮೇಲಿನ ನರ ಒತ್ತಡಕ್ಕೆ ಸಿಕ್ಕಿದೆ, ಇನ್ನೂ ತಡ ಮಾಡಿದ್ದರೆ ಕೈಯ ಬಲ ಪೂರ್ತಿ ಬರುವುದು ಕಷ್ಟವಿತ್ತು, ಈಗ ಭಾರ ಹೊರಿಸಬೇಡಿ, ವ್ಯಾಯಾಮ ಮಾಡಿಸಿ, ಬರುತ್ತದೆ ಎಂದರು. ಬರುತ್ತದೆ ಎಂಬ ಮಾತನ್ನು ನಾನು ನಂಬದೆ ಇನ್ನೊಬ್ಬ ಡಾಕ್ಟರಿಗೂ ತೋರಿಸಿದೆ. ಅವರೂ ಅದನ್ನೇ ಹೇಳಿದರು.

ಆ ಚಳಿಗಾಲವೆಲ್ಲ ಟೀಚರು ಡ್ರಿಲ್ಲಿನ ಪೀರಿಯಡ್ಡಿನಲ್ಲಿ ಅವಳಿಗೆ ಬೇರೆಯೇ ಕಸರತ್ತು ಮಾಡಿಸಿದರು, ಡಾಕ್ಟರು ಬರೆದುಕೊಟ್ಟದ್ದನ್ನು ಮಾತ್ರ. ಗೋಡೆಗೆ ಬೆನ್ನು ಹಚ್ಚಿ ನಿಲ್ಲುವುದು, ಗದ್ದ ಒಳಗೆ ಎಳೆದುಕೊಳ್ಳುವುದು, ಭುಜ ತಿರುಗಿಸುವುದು, ಮೆತ್ತನೆಯ ಚೆಂಡು ಹಿಚುಕುವುದು. "ಕಿವಿ ಭುಜದ ಮ್ಯಾಲ ಇರಬೇಕು, ಭುಜದ ಮುಂದ ಅಲ್ಲ," ಎಂಬುದು ಅವರ ಮಂತ್ರ. ಈ ಮಂತ್ರ ನನ್ನನ್ನೂ ಬಿಡಲಿಲ್ಲ. ಮೊಬೈಲು ನೋಡುತ್ತಾ ಗಲ್ಲಾದಲ್ಲಿ ಕೂತಿದ್ದರೆ ರಸ್ತೆಯಿಂದಲೇ, "ಸಾವ್ಕಾರ್ರ, ಕಿವಿ ಮುಂದ ಬಂತು!" ಎಂದು ಕೂಗಿಕೊಂಡು ಹೋಗುತ್ತಿದ್ದರು. ಅಕ್ಕಪಕ್ಕದ ಅಂಗಡಿಯವರು ನಗುತ್ತಿದ್ದರು. ಗದ್ದ ಎಳೆದುಕೊಂಡು ನೆಟ್ಟಗೆ ಕೂರದೆ ಬೇರೆ ದಾರಿ ಇರಲಿಲ್ಲ.

ಅವರ ಮುಂದಿನ ಹಟ, ಕ್ಲಾಸಿನಲ್ಲೇ ಪುಸ್ತಕ ಬಿಟ್ಟುಹೋಗಲು ಒಂದು ಬೀರು. ಅದಕ್ಕೆ ಕರೆದ ಮೀಟಿಂಗಿನ ಗದ್ದಲ ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಕಂಪ್ಲಿಯ ಕಡೆಯ ರೈಸ್‌ಮಿಲ್ಲಿನವರೊಬ್ಬರು, "ಕೀಲಿ ಯಾರ ಹತ್ರ ಇರ್ತೈತ್ರಿ?" ಎಂದು ಎದ್ದು ನಿಂತರು. ವಡ್ಡು ಎಂಬ ಹಳ್ಳಿಯಿಂದ ಬಂದ ಫ್ಯಾಕ್ಟರಿ ನೌಕರರೊಬ್ಬರು, "ಬೇರೆ ಹುಡುಗ್ರು ನಮ್ಮ ಹುಡುಗನ ನೋಟ್ಸ್ ಕಾಪಿ ಹೊಡದ್ರ ಜವಾಬ್ದಾರಿ ಯಾರು?" ಎಂದರು. ಒಬ್ಬ ಅವ್ವ ಇಲಿ ಕಡಿದರೆ ಎಂದಳು. ಟೀಚರು ಎಲ್ಲವನ್ನೂ ಕೇಳಿಸಿಕೊಂಡು, "ಕೀಲಿ ನನ್ನ ಹತ್ರ ಬ್ಯಾಡ. ನನ್ನ ಮ್ಯಾಲೂ ನಿಮಗ ಅನುಮಾನ ಇರಬೇಕಲ್ಲ," ಎಂದರು. "ದಿನಕ್ಕೊಬ್ಬರು ತಾಯಿ ತಂದಿ ಬಂದು ಸಂಜೆ ಕೀಲಿ ಹಾಕ್ರಿ, ಬೆಳಿಗ್ಗೆ ತಗೀರಿ. ಬಂದಾಗ ಹಂಗ ನಿಮ್ಮ ಮಗ ಹೆಂಗ ನಡೀತಾನ, ಹಿಂದ ನಿಂತು ಒಮ್ಮೆ ನೋಡ್ರಿ."

ಒಬ್ಬರನ್ನೊಬ್ಬರು ನಂಬದ ನಮಗೆ ಇದು ಸರಿಯಾಗಿ ಒಗ್ಗಿತು. ಇನ್ನೊಬ್ಬರು ಕೀಲಿ ಸರಿಯಾಗಿ ಹಾಕಿದ್ದಾರೋ ಇಲ್ಲವೋ ಎಂದು ನೋಡಲು ಸರದಿ ಇಲ್ಲದವರೂ ಬರುತ್ತಿದ್ದರು. ನಾನೂ ಹೋಗುತ್ತಿದ್ದೆ. ಹಾಗೆ ಹೋದ ಒಂದು ಬೆಳಿಗ್ಗೆ, ಸಣ್ಣ ಚೀಲದ ಎರಡೂ ಪಟ್ಟಿ ಬಿಗಿಯಾಗಿ ಹಾಕಿಕೊಂಡು, ಕಿವಿ ಭುಜದ ನೇರಕ್ಕೆ ಇಟ್ಟುಕೊಂಡು, ಸಹನಾ ಗೇಟು ದಾಟಿ ಓಡಿದ್ದನ್ನು ನೋಡಿದೆ. ಬೇಸಿಗೆ ಬರುವ ಹೊತ್ತಿಗೆ ಅವಳು ರೊಟ್ಟಿ ಮುರಿದಳು. ಅವ್ವ ಅವತ್ತು ಓಣಿಗೆಲ್ಲ ಸಕ್ಕರೆ ಹಂಚಿದಳು.

ಅಂಗಡಿಯ ದೊಡ್ಡ ಸಾಲನ್ನು ಒಳಗೆ ಹಾಕಿದೆ. ಮಗು ಬಾರದೆ ಬ್ಯಾಗು ಕೊಡುವುದನ್ನು ನಿಲ್ಲಿಸಿದೆ. ಗಿರಾಕಿಗಳು, "ಏನ್ರಿ ಸಾವ್ಕಾರ್ರ, ಡ್ರಿಲ್ ಟೀಚರ್ ನಿಮಗ ಎಷ್ಟು ಕೊಟ್ರು?" ಎಂದು ಕೇಳತೊಡಗಿದರು. ಅನುಮಾನ ಈಗ ನನ್ನ ಬಾಗಿಲಿಗೇ ಬಂದಿತ್ತು. ಕೇಳಲಿ ಬಿಡಿ.

ಎರಡು ವರ್ಷದ ಮೇಲೆ ಮ್ಯಾನೇಜ್‌ಮೆಂಟಿನವರು ಡ್ರಿಲ್ಲಿನ ಪೀರಿಯಡ್ಡು ಕಡಿಮೆ ಮಾಡಿದರು; ಟೀಚರ ಅಗತ್ಯವಿಲ್ಲ ಎಂದರು. ನಿಜವಾದ ಕಾರಣ ಅದಲ್ಲವೆಂದು ಇವತ್ತಿಗೂ ನನ್ನ ಅನುಮಾನ. ನಾವು ಕೆಲವರು ಹೋಗಿ ಕೇಳಿದೆವು, ಜಗಳವನ್ನೂ ಮಾಡಿದೆವು, ಉಪಯೋಗವಾಗಲಿಲ್ಲ. ಟೀಚರು ಕಂಪ್ಲಿಯ ಒಂದು ಶಾಲೆಗೆ ಸೇರಿದರು. ಬೆಳಿಗ್ಗೆ ನನ್ನ ಅಂಗಡಿಯ ಮುಂದೆಯೇ ಬಸ್ಸು ಹತ್ತುತ್ತಿದ್ದರು. ಅಲ್ಲಿಯೂ ಗೇಟಿನಲ್ಲಿ ನಿಂತರಂತೆ, ಅಲ್ಲಿಯೂ ಬೈಸಿಕೊಂಡರಂತೆ. "ಹೆಂಗ ಐತ್ರಿ ಕಂಪ್ಲಿ?" ಎಂದರೆ, "ಚೀಲ ಅಲ್ಲೂ ಅಷ್ಟ ಭಾರ ಸಾವ್ಕಾರ್ರ," ಎನ್ನುತ್ತಿದ್ದರು. ರಿಟೈರ್ ಆದ ಮೇಲೂ ಜೂನಿನಲ್ಲಿ ಒಂದು ದಿನ ಬಂದು ನನ್ನ ಹೊಸ ಮಾಲಿನ ಪಟ್ಟಿ ಒತ್ತಿ, ಮೂಸಿ ನೋಡಿ ಹೋಗುವುದನ್ನು ಬಿಡಲಿಲ್ಲ. ಇಷ್ಟು ವರ್ಷದ ಮೇಲೂ ನನ್ನನ್ನು ಪೂರ್ತಿ ನಂಬಿದ್ದರೋ ಇಲ್ಲವೋ, ಹೇಳಲಾರೆ.

ಟೀಚರ ಮಣ್ಣಿಗೆ ನಾನೂ ಸಹನಾಳೂ ಹೋಗಿದ್ದೆವು. ಅವಳೀಗ ಡಿಗ್ರಿಯ ಕೊನೆಯ ವರ್ಷ. ಡ್ಯಾಮಿನ ಕ್ವಾರ್ಟರ್ಸಿನ ಆ ಸಣ್ಣ ಮನೆಯ ಮುಂದೆ ಜನ ಅಷ್ಟೇನೂ ಇರಲಿಲ್ಲ, ಇದ್ದವರಲ್ಲಿ ಹೆಚ್ಚಿನವರು ಹರೆಯದವರು. ನನ್ನ ಕಣ್ಣು ಯಾಕೋ ಅವರ ಕಿವಿ, ಭುಜಗಳ ಮೇಲೆಯೇ ಹೋಗುತ್ತಿತ್ತು. ಸಹನಾ ಅಲ್ಲಿ ಅಳಲಿಲ್ಲ. ವಾಪಸು ಬರುವಾಗ ನನ್ನ ಸ್ಕೂಟರಿನ ಹಿಂದೆ ಕೂತು ಅತ್ತಳು. ಕಾಲುವೆಯ ಸೇತುವೆಯ ಹತ್ತಿರ ಗಾಡಿ ನಿಲ್ಲಿಸಿದೆ. ಅವಳು ಮುಖ ತೊಳೆದುಕೊಂಡು ಬಂದು ಕಟ್ಟೆಯ ಮೇಲೆ ಕೂತಳು.

ಇಷ್ಟು ವರ್ಷ ಹೊಟ್ಟೆಯೊಳಗೆ ಕೊರೆಯುತ್ತಿದ್ದ ಒಂದು ಅನುಮಾನ ಅಲ್ಲಿ ನನ್ನ ಬಾಯಿಂದ ಹೊರಗೆ ಬಂತು. ಕೇಳಬಾರದಾಗಿತ್ತು, ಆದರೆ ಹುಟ್ಟುಗುಣ. "ಖರೇ ಹೇಳವ್ವ. ಆವಾಗ ನಿನಗ ಶುರುವಿನಿಂದ ನೋವಿತ್ತೋ? ಬೇವಿನ ಮರದ ಕೆಳಗ ಕುಂತ ದಿನ?"

ಸಹನಾ ನನ್ನನ್ನು ನೋಡಿದಳು. "ಇಲ್ಲ ಅಪ್ಪಾಜಿ. ಮೊದಲ ದಿನ ಸುಳ್ಳ ಹೇಳಿದ್ದೆ. ಬಿಸಲಾಗ ಓಡಾಕ ಬ್ಯಾಸರಾಗಿತ್ತು."

ಇಂಥ ಹೊತ್ತಿನಲ್ಲೂ ನಾನು ಗೆದ್ದೆ ಎನಿಸಿತಲ್ಲ, ಏನು ಹೇಳಲಿ ಈ ಬುದ್ಧಿಗೆ! "ನೋಡು, ಅವತ್ತ ನಾನು ಅಂದಿದ್ದೆ!" ಎಂದುಬಿಟ್ಟೆ.

"ನೀವು ಅಂದಿದ್ದು ಖರೇನ ಇತ್ತು," ಎಂದಳು. "ಟೀಚರಿಗೂ ಗೊತ್ತಾಗಿತ್ತು ಅಂತ ಕಾಣ್ತೈತಿ. ಆದ್ರೂ ಮರುದಿನ ಕರದು, ಇವತ್ತು ನೋವು ಹೆಂಗ ಐತವ್ವ ಅಂತ ಕೇಳಿದ್ರು. ದಿನಾ ಕೇಳ್ತಿದ್ರು. ಆಮ್ಯಾಲೆ ಖರೇನ ಕೈ ಜೋಮು ಹಿಡದಾಗ, ಪೆನ್ನು ಜಾರಾಕ ಹತ್ತಿದಾಗ, ನಿಮಗ ಹೇಳಾಕ ಬಾಯೇ ಬರಲಿಲ್ಲ ಅಪ್ಪಾಜಿ. ನನ್ನ ಸುಳ್ಳನ್ನೂ ನಂಬಿದವರು ಅವರೊಬ್ಬರ ಇದ್ರಲ್ಲ, ಅವರಿಗೇ ಹೇಳಿದೆ."